ಹಳೆಯ ಸೈಕಲ್ಲಿಗೆ ಹೊಸ ಚೈನು: ಸವೆತವನ್ನು ಅಳೆದು ತಿಳಿಯೋಣ



ಕೊಡಗಿನ ವಿರಾಜಪೇಟೆಯಿಂದ ಯಾವ ದಿಕ್ಕಿಗೆ ಹೊರಟರೂ ರಸ್ತೆ ಬಹಳ ದೂರ ಸಮತಟ್ಟಾಗಿ ಸಾಗುವುದಿಲ್ಲ. ಮೂರ್ನಾಡಿನ ಮಾರ್ಗವಾಗಿ ಮಡಿಕೇರಿಗೆ ಹೊರಟರೆ ಏರುಗಳು ಒಂದರ ಹಿಂದೊಂದು ಎದುರಾಗುತ್ತವೆ. ಪೆರುಂಬಾಡಿ ದಾಟಿ ಮಾಕುಟ್ಟದ ಕಾಡಿನ ನಡುವೆ ಕೇರಳದ ಗಡಿಯ ಕಡೆಗೆ ಇಳಿದರೆ, ಹೋಗುವಾಗ ಸುಖವೆನಿಸಿದ ಆ ಘಟ್ಟದ ರಸ್ತೆಯೇ ಹಿಂದಿರುಗುವಾಗ ಕಾಲಿನ ಶಕ್ತಿಯನ್ನೆಲ್ಲ ಕೇಳುತ್ತದೆ. ಇಂಥ ಏರಿನಲ್ಲಿ ನೀವು ಸೀಟಿನಿಂದ ಎದ್ದು, ಮೈಭಾರವನ್ನೆಲ್ಲ ಒಂದೇ ಪೆಡಲಿನ ಮೇಲೆ ಹಾಕಿ ತುಳಿಯುತ್ತೀರಿ. ಆ ಕ್ಷಣದಲ್ಲಿ ಚೈನು ಹಲ್ಲು ಬಿಟ್ಟು ಜಾರಿದರೆ ಕಾಲಿನ ಕೆಳಗಿನ ಆಧಾರ ಒಮ್ಮೆಲೇ ಇಲ್ಲವಾಗುತ್ತದೆ. ಮೊಣಕಾಲು ಹ್ಯಾಂಡಲ್ಲಿಗೆ ಬಡಿಯಬಹುದು. ಹಿಂದೆ ಬಸ್ಸೋ ಜೀಪೋ ಬರುತ್ತಿದ್ದರೆ ಪ್ರಾಣಕ್ಕೇ ಸಂಚಕಾರ.

ಚೈನು ಹೀಗೆ ಜಾರುವುದು ಆಕಸ್ಮಿಕವಲ್ಲ. ಅದಕ್ಕೆ ತಿಂಗಳುಗಟ್ಟಲೆ ಮೊದಲೇ ಸಿದ್ಧತೆ ನಡೆದಿರುತ್ತದೆ. ಆ ಸಿದ್ಧತೆಯನ್ನು ಕಣ್ಣಿನಿಂದ ನೋಡುವುದು ಕಷ್ಟ, ಆದರೆ ಒಂದು ಉಕ್ಕಿನ ಟೇಪಿನಿಂದ ಅಳೆಯುವುದು ಬಹಳ ಸುಲಭ. ಹಳೆಯ ಸೈಕಲ್ಲಿನ ಚೈನು, ಫ್ರೀವೀಲ್, ಚೈನ್‌ವೀಲ್ ಏಕೆ ಸವೆಯುತ್ತವೆ, ಯಾವಾಗ ಯಾವುದನ್ನು ಬದಲಾಯಿಸಬೇಕು, ಹೇಗೆ ಬದಲಾಯಿಸಬೇಕು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಎರಡು ಬಗೆಯ ಹಳೆಯ ಸೈಕಲ್ಲುಗಳು

ನಮ್ಮ ಮನೆಗಳಲ್ಲಿ ಇರುವ ಹಳೆಯ ಸೈಕಲ್ಲುಗಳು ಮುಖ್ಯವಾಗಿ ಎರಡು ಬಗೆಯವು. ಮೊದಲನೆಯದು ಗೇರ್ ಇಲ್ಲದ ದೊಡ್ಡ ಸೈಕಲ್. ಹರ್ಕ್ಯುಲಿಸ್, ಅಟ್ಲಾಸ್, ಹೀರೋ ಮುಂತಾದ ಹೆಸರಿನವು ಈ ಜಾತಿಗೆ ಸೇರಿವೆ. 1949ರಲ್ಲಿ ಮದರಾಸಿನಲ್ಲಿ ಟಿ.ಐ. ಸೈಕಲ್ಸ್, 1956ರಲ್ಲಿ ಲೂಧಿಯಾನದಲ್ಲಿ ಹೀರೋ ಸೈಕಲ್ಸ್ ಆರಂಭವಾದ ಮೇಲೆ ದೇಶದ ಹಳ್ಳಿಹಳ್ಳಿಗೂ ಇವು ತಲುಪಿದವು. ಕರ್ನಾಟಕ ಸರ್ಕಾರ 2006–07ರಿಂದ ಹಲವು ವರ್ಷ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಕೊಟ್ಟ ಸೈಕಲ್ಲುಗಳೂ ಗೇರ್ ಇಲ್ಲದವೇ. ಎರಡನೆಯದು ದೂರ ಪ್ರಯಾಣಕ್ಕೆಂದು ಮಾಡಿದ, ಹಿಂದೆ ಐದೋ ಆರೋ ಹಲ್ಲುಚಕ್ರಗಳಿರುವ ಗೇರ್ ಸೈಕಲ್.

ನೋಟಕ್ಕೆ ಬೇರೆಯಾದರೂ ಎರಡರ ಮೂಲತತ್ತ್ವ ಒಂದೇ. ಪೆಡಲಿನ ತಿರುಗುವಿಕೆ ಚೈನ್‌ವೀಲಿಗೆ, ಅಲ್ಲಿಂದ ಚೈನಿನ ಮೂಲಕ ಹಿಂದಿನ ಫ್ರೀವೀಲಿಗೆ ಹೋಗುತ್ತದೆ. ಈ ಬಗೆಯ ಉರುಳೆ ಚೈನನ್ನು ರೂಪಿಸಿದವರು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ನೆಲಸಿದ್ದ ಸ್ವಿಟ್ಸರ್ಲೆಂಡ್ ಮೂಲದ ಹಾನ್ಸ್ ರೆನಾಲ್ಡ್, ವರ್ಷ 1880. ಐದು ವರ್ಷದ ನಂತರ, 1885ರಲ್ಲಿ, ಜಾನ್ ಕೆಂಪ್ ಸ್ಟಾರ್ಲಿ ಹಿಂದಿನ ಚಕ್ರಕ್ಕೆ ಚೈನು ಜೋಡಿಸಿದ ರೋವರ್ ಸೈಕಲ್ಲನ್ನು ಹೊರತಂದರು. ಇಂದಿನ ಎಲ್ಲ ಸೈಕಲ್ಲುಗಳಿಗೂ ಅದೇ ಪೂರ್ವಜ.

ಗೇರುಗಳು ಬಂದದ್ದು ಬೆಟ್ಟದ ದಾರಿಗಳಿಗಾಗಿ. ಫ್ರಾನ್ಸಿನ ಗುಡ್ಡಗಾಡಿನಲ್ಲಿ ಸೈಕಲ್ ಪ್ರವಾಸ ಮಾಡುತ್ತಿದ್ದ ಪಾಲ್ ದ ವಿವಿ ಎಂಬವರು, ಸವಾರನ ಬಳಿ ಒಂದಕ್ಕಿಂತ ಹೆಚ್ಚು ಗೇರು ಇರಬೇಕೆಂದು ಬಹಳ ವರ್ಷ ವಾದಿಸಿದರು. ಸ್ಪರ್ಧಿಗಳ ಲೋಕ ಅದನ್ನು ತಡವಾಗಿ ಒಪ್ಪಿತು. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಡೀರೇಲರ್ ಎಂಬ ಉಪಕರಣಕ್ಕೆ ಪ್ರಸಿದ್ಧ ಟೂರ್ ದ ಫ್ರಾನ್ಸ್ ಸ್ಪರ್ಧೆಯಲ್ಲಿ 1937ರವರೆಗೂ ಅನುಮತಿ ಇರಲಿಲ್ಲ!

ಚೈನು ಹಿಗ್ಗುತ್ತದೆಯೇ?

‘ಚೈನು ಲೂಸಾಗಿದೆ, ಹಿಗ್ಗಿಬಿಟ್ಟಿದೆ’ ಎಂದು ಎಲ್ಲರೂ ಹೇಳುವುದುಂಟು. ನಿಜಕ್ಕೂ ಉಕ್ಕಿನ ತಟ್ಟೆಗಳು ರಬ್ಬರಿನಂತೆ ಹಿಗ್ಗುವುದಿಲ್ಲ. ಹಾಗಾದರೆ ಚೈನು ಉದ್ದವಾಗುವುದು ಹೇಗೆ?

ಚೈನಿನ ಒಂದು ತುಂಡನ್ನು ಕೈಯಲ್ಲಿ ಹಿಡಿದು ನೋಡಿ. ಹೊರತಟ್ಟೆ, ಒಳತಟ್ಟೆ, ಅವನ್ನು ಪೋಣಿಸುವ ಪಿನ್ನು, ಪಿನ್ನಿನ ಸುತ್ತ ಒಂದು ಕೊಳವೆಯಂಥ ಬುಷ್, ಅದರ ಮೇಲೆ ಸುಲಭವಾಗಿ ತಿರುಗುವ ಉರುಳೆ: ಹೀಗೆ ಐದು ಭಾಗಗಳಿವೆ. ಇತ್ತೀಚಿನ ಗೇರ್ ಸೈಕಲ್ಲುಗಳ ಚೈನಿನಲ್ಲಿ ಬುಷ್ ಪ್ರತ್ಯೇಕವಾಗಿರುವುದಿಲ್ಲ. ಒಳತಟ್ಟೆಯ ತೂತಿನ ಅಂಚನ್ನೇ ಮಡಚಿ ಆ ಕೆಲಸಕ್ಕೆ ಬಳಸಿರುತ್ತಾರೆ. ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಇರುವ ದೂರ ಸರಿಯಾಗಿ ಅರ್ಧ ಇಂಚು, ಅಂದರೆ 12.7 ಮಿಲಿಮೀಟರು. ಇದನ್ನು ನಾವು ಒಂದು ಕೊಂಡಿ ಎಂದು ಕರೆಯೋಣ. ಗೇರ್ ಇಲ್ಲದ ಸೈಕಲ್ಲೇ ಇರಲಿ, ಅತ್ಯಾಧುನಿಕ ಗೇರ್ ಸೈಕಲ್ಲೇ ಇರಲಿ, ಈ ಅರ್ಧ ಇಂಚಿನ ಅಳತೆ ಒಂದೇ.

ಚೈನು ಹಲ್ಲುಚಕ್ರವನ್ನು ಏರುವಾಗ ಪ್ರತಿ ಕೊಂಡಿಯೂ ಬಾಗುತ್ತದೆ, ಇಳಿಯುವಾಗ ನೇರವಾಗುತ್ತದೆ. ಪ್ರತಿಸಲವೂ ಪಿನ್ನು ಬುಷ್ಷಿನೊಳಗೆ ಉಜ್ಜಿಕೊಂಡು ತಿರುಗುತ್ತದೆ. ನಡುವೆ ಮಣ್ಣಿನ ಕಣ ಸೇರಿದ್ದರೆ ಅದು ಉಪ್ಪುಕಾಗದದಂತೆ ಲೋಹವನ್ನು ತೇಯುತ್ತದೆ. ಹೀಗೆ ಪ್ರತಿ ಕೀಲಿನಲ್ಲೂ ಕೂದಲೆಳೆಯಷ್ಟು ಸಡಿಲಿಕೆ ಉಂಟಾಗುತ್ತದೆ. ಒಂದು ಚೈನಿನಲ್ಲಿ 112 ಕೊಂಡಿಗಳಿವೆ ಎನ್ನಿ. ಪ್ರತಿ ಕೀಲಿನಲ್ಲಿ ಕೇವಲ 0.06 ಮಿಲಿಮೀಟರಿನಷ್ಟು ಸವೆದರೂ ಇಡೀ ಚೈನು ಸುಮಾರು 7 ಮಿಲಿಮೀಟರು ಉದ್ದವಾಗುತ್ತದೆ. ಹನಿ ಹನಿಗೂಡಿದರೆ ಹಳ್ಳ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ.

ಹಲ್ಲುಗಳೂ ಜೊತೆಯಲ್ಲೇ ಸವೆಯುತ್ತವೆ

ಹೊಸ ಚೈನು ಹೊಸ ಹಲ್ಲುಚಕ್ರದ ಮೇಲೆ ಕುಳಿತಾಗ ಹಲವು ಹಲ್ಲುಗಳು ಭಾರವನ್ನು ಹಂಚಿಕೊಳ್ಳುತ್ತವೆ. ಚೈನು ಸವೆದು ಕೊಂಡಿಯ ದೂರ ಹೆಚ್ಚಾದಾಗ ಈ ಹೊಂದಾಣಿಕೆ ಕೆಡುತ್ತದೆ. ಉರುಳೆ ಹಲ್ಲಿನ ಬುಡದಲ್ಲಿ ಕೂರದೆ ಸ್ವಲ್ಪ ಮೇಲಕ್ಕೆ ಏರಿ ಕೂರುತ್ತದೆ. ಭಾರ ಒಂದೆರಡು ಹಲ್ಲುಗಳ ಮೇಲೆ ಮಾತ್ರ ಬೀಳುತ್ತದೆ. ಆ ಒತ್ತಡಕ್ಕೆ ಹಲ್ಲಿನ ಒಂದು ಬದಿ ತೇದು ತೇದು ಕೊಕ್ಕೆಯಾಕಾರಕ್ಕೆ ತಿರುಗುತ್ತದೆ. ಅಂದರೆ ಸವೆದ ಚೈನು ತನ್ನ ಅಳತೆಗೆ ತಕ್ಕಂತೆ ಹಲ್ಲುಗಳನ್ನೂ ಕೊರೆದುಕೊಳ್ಳುತ್ತದೆ.

ಇಲ್ಲೇ ಒಂದು ಮೋಸ ಅಡಗಿದೆ. ಸವೆದ ಚೈನು ಮತ್ತು ಸವೆದ ಹಲ್ಲು ಬಹಳ ಕಾಲ ಜಗಳವಿಲ್ಲದೆ ಸಂಸಾರ ಮಾಡುತ್ತವೆ. ಸೈಕಲ್ ಚೆನ್ನಾಗಿಯೇ ಓಡುತ್ತಿದೆ ಎಂದು ನಮಗೆ ಅನಿಸುತ್ತದೆ. ಒಂದು ದಿನ ಉಳಿತಾಯದ ಹಣದಲ್ಲಿ ಹೊಸ ಚೈನು ಮಾತ್ರ ತಂದು ಹಾಕುತ್ತೀರಿ. ಅದರ ಕೊಂಡಿಗಳು ಸರಿಯಾಗಿ ಅರ್ಧ ಇಂಚು. ಹಲ್ಲುಗಳ ನಡುವಿನ ಕುಳಿಗಳೋ ಹಳೆಯ ಚೈನಿಗೆ ಒಗ್ಗಿಹೋದವು. ಹೊಸ ಉರುಳೆ ಆ ಕುಳಿಯಲ್ಲಿ ನೆಲೆ ನಿಲ್ಲದೆ, ಭಾರ ಬಿದ್ದೊಡನೆ ಹಲ್ಲಿನ ಮೇಲೆ ಹತ್ತಿ ಮುಂದಿನ ಹಲ್ಲಿಗೆ ಹಾರುತ್ತದೆ. ಹಳೆಯ ಚೈನಿನಲ್ಲಿ ಜಾರದ ಸೈಕಲ್ ಹೊಸ ಚೈನು ಹಾಕಿದ ದಿನವೇ ಜಾರತೊಡಗುತ್ತದೆ! ಆಗ ಜನ ‘ಚೈನಿನ ಮಾಲು ಸರಿಯಿಲ್ಲ’ ಎಂದು ಅಂಗಡಿಯವರನ್ನು ದೂರುತ್ತಾರೆ. ತಪ್ಪು ಚೈನಿನದಲ್ಲ, ಜೊತೆಗೂಡಿ ಸವೆದ ಹಲ್ಲಿನದು.

ಮುಂದಿನ ಚೈನ್‌ವೀಲಿಗಿಂತ ಹಿಂದಿನ ಫ್ರೀವೀಲ್ ಬೇಗ ಸವೆಯುತ್ತದೆ. ಕಾರಣ ಸರಳ ಲೆಕ್ಕ. ಮುಂದೆ 48 ಹಲ್ಲು, ಹಿಂದೆ 18 ಹಲ್ಲು ಇದ್ದರೆ, ಪೆಡಲ್ ಒಂದು ಸುತ್ತು ಸುತ್ತುವಷ್ಟರಲ್ಲಿ ಹಿಂದಿನ ಪ್ರತಿಯೊಂದು ಹಲ್ಲೂ ಎರಡೂ ಮುಕ್ಕಾಲು ಸಲಕ್ಕೆ ಹತ್ತಿರ ಚೈನನ್ನು ಎದುರಿಸುತ್ತದೆ. ಗೇರ್ ಸೈಕಲ್ಲಿನಲ್ಲಿ ನೀವು ಹೆಚ್ಚಾಗಿ ಬಳಸುವ ಹಲ್ಲುಚಕ್ರವೇ ಮೊದಲು ಸವೆಯುವುದರಿಂದ, ಒಂದು ಗೇರಿನಲ್ಲಿ ಮಾತ್ರ ಜಾರಿ ಉಳಿದವುಗಳಲ್ಲಿ ಸರಿಯಾಗಿರುವುದೂ ಉಂಟು.

ಏರು, ಮಳೆ, ಮಣ್ಣು

ಬೆಟ್ಟದ ನಾಡಿನಲ್ಲಿ ಈ ಸವೆತ ಏಕೆ ಹೆಚ್ಚು? ಭೌತಶಾಸ್ತ್ರದಲ್ಲಿ ನೀವು ಕಲಿತ ಸನ್ನೆಯ ತತ್ತ್ವವನ್ನು ನೆನಪಿಸಿಕೊಳ್ಳಿ. ಪೆಡಲಿನ ಕ್ರ್ಯಾಂಕ್ ಉದ್ದ ಸುಮಾರು 17 ಸೆಂಟಿಮೀಟರು. 48 ಹಲ್ಲಿನ ಚೈನ್‌ವೀಲಿನ ತ್ರಿಜ್ಯ ಸುಮಾರು 9.7 ಸೆಂಟಿಮೀಟರು. ಐವತ್ತು ಕಿಲೋ ತೂಕದ ವಿದ್ಯಾರ್ಥಿ ಅಡ್ಡವಾಗಿ ನಿಂತ ಕ್ರ್ಯಾಂಕಿನ ಪೆಡಲ್ ಮೇಲೆ ಪೂರ್ತಿ ಭಾರ ಹಾಕಿದರೆ ಚೈನಿನ ಮೇಲಿನ ಎಳೆತ 50ನ್ನು 17ರಿಂದ ಗುಣಿಸಿ 9.7ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 88 ಕಿಲೋ ಭಾರ. ಗೇರ್ ಸೈಕಲ್ಲಿನಲ್ಲಿ ಏರು ಹತ್ತಲು ಬಳಸುವ 28 ಹಲ್ಲಿನ ಪುಟ್ಟ ಚೈನ್‌ವೀಲಿನ ತ್ರಿಜ್ಯ 5.7 ಸೆಂಟಿಮೀಟರಿಗೆ ಹತ್ತಿರ. ಅದರಲ್ಲಿ ಅದೇ ವಿದ್ಯಾರ್ಥಿ ಅದೇ ರೀತಿ ತುಳಿದರೆ ಎಳೆತ 150 ಕಿಲೋ ಮುಟ್ಟುತ್ತದೆ. ಅಂದರೆ ಮೂರು ವಿದ್ಯಾರ್ಥಿಗಳು ಒಟ್ಟಿಗೆ ಚೈನಿಗೆ ಜೋತುಬಿದ್ದಂತೆ! ಆದ್ದರಿಂದಲೇ ಸಣ್ಣ ಗೇರಿನಲ್ಲಿ ನಿಂತು ತುಳಿಯುವುದಕ್ಕಿಂತ ಕುಳಿತು ಹಗುರವಾಗಿ, ಬೇಗ ಬೇಗ ತುಳಿಯುವುದು ಚೈನಿಗೂ ಮೊಣಕಾಲಿಗೂ ಹಿತ.

ಇದರ ಜೊತೆಗೆ ಮಳೆ. ಜೂನಿನಿಂದ ಸೆಪ್ಟೆಂಬರಿನವರೆಗೆ, ಅದರಲ್ಲೂ ಕಕ್ಕಡ ತಿಂಗಳಲ್ಲಿ, ಕೊಡಗಿನ ರಸ್ತೆಯ ಕೆಮ್ಮಣ್ಣು ನೀರಿನೊಡನೆ ಬೆರೆತು ಚಕ್ರದಿಂದ ಚಿಮ್ಮಿ ಚೈನಿನ ಮೇಲೆ ಬೀಳುತ್ತದೆ. ಮಳೆ ನೀರು ಎಣ್ಣೆಯನ್ನು ತೊಳೆಯುತ್ತದೆ, ತುಕ್ಕು ಹಿಡಿಸುತ್ತದೆ. ಮಣ್ಣು ಕೀಲುಗಳ ಒಳಗೆ ಇಳಿಯುತ್ತದೆ. ಇಷ್ಟು ಕಿಲೋಮೀಟರಿಗೆ ಚೈನು ಬದಲಾಯಿಸಿ ಎಂಬ ಒಂದೇ ನಿಯಮವನ್ನು ಬಯಲುಸೀಮೆಗೂ ಮಲೆನಾಡಿಗೂ ಹೇಳಲಾಗದು. ಅಳತೆಯೊಂದೇ ನಂಬತಕ್ಕದ್ದು.

ಅಳೆಯುವ ವಿಧಾನ

ಬಟ್ಟೆ ಹೊಲಿಯುವ ಟೇಪು ಬೇಡ, ಅದು ಹಿಗ್ಗುತ್ತದೆ. ಬಡಗಿಗಳು ಬಳಸುವ ಉಕ್ಕಿನ ಟೇಪನ್ನು ತೆಗೆದುಕೊಳ್ಳಿ. ಸೈಕಲ್ಲನ್ನು ಗೋಡೆಗೆ ಒರಗಿಸಿ, ಪೆಡಲನ್ನು ಸ್ವಲ್ಪ ಒತ್ತಿ ಚೈನಿನ ಮೇಲಿನ ಸಾಲು ಬಿಗಿಯಾಗುವಂತೆ ಮಾಡಿ. ಒಂದು ಪಿನ್ನಿನ ನಡುವಿನ ಬಿಂದುವಿನಲ್ಲಿ ಟೇಪಿನ ಒಂದು ಪೂರ್ಣ ಇಂಚಿನ ಗೆರೆ ಇರಲಿ. ಅಲ್ಲಿಂದ 24 ಕೊಂಡಿಗಳನ್ನು ಎಣಿಸಿ. ಹೊಸ ಚೈನಾದರೆ 24ನೆಯ ಪಿನ್ನಿನ ನಡುಬಿಂದು ಸರಿಯಾಗಿ 12 ಇಂಚು, ಅಂದರೆ 304.8 ಮಿಲಿಮೀಟರಿಗೆ ಬೀಳುತ್ತದೆ. ಸವೆದಿದ್ದರೆ ಗೆರೆಯನ್ನು ದಾಟಿರುತ್ತದೆ. ಎಷ್ಟು ದಾಟಿದೆ ಎಂಬುದರ ಮೇಲೆ ನಿಮ್ಮ ತೀರ್ಮಾನ ನಿಂತಿದೆ.

ಒಂದು, ದಾಟಿರುವುದು ಇಂಚಿನ ಹದಿನಾರನೆಯ ಒಂದು ಭಾಗಕ್ಕಿಂತ ಕಡಿಮೆ ಇದ್ದರೆ ಚೈನು ಇನ್ನೂ ಬಾಳುತ್ತದೆ. ಶುಚಿ ಮಾಡಿ ಎಣ್ಣೆ ಹಾಕಿದರೆ ಸಾಕು.

ಎರಡು, ಹದಿನಾರನೆಯ ಒಂದು ಭಾಗ ದಾಟಿದೆ, ಅಳತೆ 306.4 ಮಿಲಿಮೀಟರಿನ ಆಸುಪಾಸಿಗೆ ಬಂದಿದೆ ಎನ್ನಿ. ಚೈನನ್ನು ಈಗಲೇ ಬದಲಾಯಿಸಿ. ಹಲ್ಲುಗಳು ಬಹುಶಃ ಇನ್ನೂ ಚೆನ್ನಾಗಿರುತ್ತವೆ. ಚೈನಿನ ಬೆಲೆಯಲ್ಲೇ ಕೆಲಸ ಮುಗಿಯುತ್ತದೆ.

ಮೂರು, ಎಂಟನೆಯ ಒಂದು ಭಾಗ ದಾಟಿದೆ, ಅಂದರೆ ಅಳತೆ 308 ಮಿಲಿಮೀಟರು ಮುಟ್ಟಿದೆ. ಈಗ ಚೈನು ಮಾತ್ರ ಬದಲಾಯಿಸಿದರೆ ಜಾರುವ ಸಂಭವ ಹೆಚ್ಚು. ಫ್ರೀವೀಲನ್ನೂ ಸೇರಿಸಿ ಬದಲಾಯಿಸಲು ಸಿದ್ಧರಾಗಿ, ಚೈನ್‌ವೀಲನ್ನೂ ಪರೀಕ್ಷಿಸಿ.

ಗೇರ್ ಇಲ್ಲದ ಸೈಕಲ್ಲಿನ ಹಲ್ಲುಗಳು ದಪ್ಪ, ಚೈನು ಅಗಲ, ಎಳೆತವೂ ನೇರ. ಆದ್ದರಿಂದ ಅದು ಸವೆತವನ್ನು ಇನ್ನಷ್ಟು ಸಹಿಸುತ್ತದೆ. ಆದರೂ 308 ಮಿಲಿಮೀಟರನ್ನು ದಾಟಲು ಬಿಡಬೇಡಿ. ಚಕ್ರವನ್ನು ಹಿಂದಕ್ಕೆ ಎಳೆದು ಚೈನನ್ನು ಬಿಗಿ ಮಾಡಿದೊಡನೆ ಸಮಸ್ಯೆ ತೀರಿತೆಂದು ಹಲವರು ತಿಳಿಯುತ್ತಾರೆ. ಬಿಗಿ ಮಾಡಿದರೆ ಸಡಿಲಿಕೆ ಮರೆಯಾಗುತ್ತದೆ, ಸವೆತ ಹಾಗೆಯೇ ಉಳಿಯುತ್ತದೆ.

ಹಣದ ದೃಷ್ಟಿಯಿಂದಲೂ ಯೋಚಿಸಿ. ಮೂರು ಭಾಗಗಳಲ್ಲಿ ಸುಲಭವಾಗಿ ಬದಲಾಯಿಸಬಹುದಾದದ್ದು ಚೈನು. ಅದನ್ನು ಸಕಾಲದಲ್ಲಿ ಬದಲಾಯಿಸುತ್ತ ಹೋದರೆ ಒಂದೇ ಫ್ರೀವೀಲಿನ ಮೇಲೆ ಹಲವು ಚೈನುಗಳು ಬಾಳುತ್ತವೆ. ತಡ ಮಾಡಿದರೆ ಒಂದರ ಬದಲು ಮೂರನ್ನು ಕೊಳ್ಳಬೇಕು.

ಅಂಗಡಿಗೆ ಹೋಗುವ ಮುನ್ನ

ಹಳೆಯ ಸೈಕಲ್ಲಿಗೆ ಭಾಗ ಕೊಳ್ಳುವಾಗ ‘ಒಂದು ಚೈನು ಕೊಡಿ’ ಎಂದರೆ ಸಾಲದು. ಕೊಂಡಿಯ ಉದ್ದ ಎಲ್ಲಕ್ಕೂ ಒಂದೇ ಆದರೂ ಅಗಲ ಬೇರೆ ಬೇರೆ. ಗೇರ್ ಇಲ್ಲದ ಸೈಕಲ್ಲಿನ ಚೈನಿನ ಒಳ ಅಗಲ ಇಂಚಿನ ಎಂಟನೆಯ ಒಂದು ಭಾಗ, ಸುಮಾರು 3.2 ಮಿಲಿಮೀಟರು. ಐದಾರು ಗೇರಿನ ಹಳೆಯ ಸೈಕಲ್ಲಿನ ಚೈನಿನ ಒಳ ಅಗಲ 2.4 ಮಿಲಿಮೀಟರು. ಈ ಕಿರಿದಾದ ಚೈನು ದಪ್ಪ ಹಲ್ಲಿನ ಮೇಲೆ ಕೂರುವುದೇ ಇಲ್ಲ. ಹಾಗೆಯೇ ಹತ್ತು, ಹನ್ನೊಂದು ಹಲ್ಲುಚಕ್ರಗಳ ಹೊಸ ಸೈಕಲ್ಲಿಗೆಂದು ಮಾಡಿದ ಚೈನು ಇನ್ನೂ ತೆಳು; ಹಳೆಯ ಸೈಕಲ್ಲಿಗೆ ಅದು ಬೇಡ. ಆರು, ಏಳು ಅಥವಾ ಎಂಟು ಗೇರಿಗೆ ಎಂದು ಪೆಟ್ಟಿಗೆಯ ಮೇಲೆ ಬರೆದಿರುವ ಸಾಧಾರಣ ಚೈನು ಹಳೆಯ ಐದಾರು ಗೇರಿನ ಸೈಕಲ್ಲಿಗೆ ಸಾಮಾನ್ಯವಾಗಿ ಹೊಂದುತ್ತದೆ.

ಹೊಸ ಚೈನನ್ನು ಹಳೆಯದರ ಪಕ್ಕದಲ್ಲಿಟ್ಟು ಉದ್ದ ಸರಿಮಾಡಬೇಡಿ. ನೂರಕ್ಕೆ ಒಂದು ಭಾಗ ಸವೆದ 112 ಕೊಂಡಿಗಳ ಚೈನು 14 ಮಿಲಿಮೀಟರಿನಷ್ಟು ಬೆಳೆದಿರುತ್ತದೆ. ಅದು ಒಂದು ಕೊಂಡಿಗಿಂತಲೂ ಹೆಚ್ಚು. ಆದ್ದರಿಂದ ಕೊಂಡಿಗಳನ್ನು ಎಣಿಸಿ, ಬರೆದಿಟ್ಟುಕೊಳ್ಳಿ. ಚೈನ್‌ವೀಲಿನ, ಫ್ರೀವೀಲಿನ ಹಲ್ಲುಗಳನ್ನೂ ಎಣಿಸಿ. ಸಾಧ್ಯವಾದರೆ ಹಳೆಯ ಭಾಗವನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ನಮ್ಮ ದೇಶದ ಹಳೆಯ ಸೈಕಲ್ಲುಗಳು ಇಂಗ್ಲೆಂಡಿನ ಅಳತೆಗಳನ್ನೇ ಅನುಸರಿಸಿದ್ದರಿಂದ, ಗೇರ್ ಇಲ್ಲದ ಸೈಕಲ್ಲಿನ ಭಾಗಗಳು ಸಣ್ಣ ಪೇಟೆಯ ಅಂಗಡಿಯಲ್ಲೂ ಸಿಗುತ್ತವೆ. ಗೇರಿನ ಹಳೆಯ ಫ್ರೀವೀಲಿಗಾಗಿ ಮೈಸೂರು, ಬೆಂಗಳೂರಿನಂಥ ನಗರಗಳಲ್ಲಿ ವಿಚಾರಿಸಬೇಕಾಗಬಹುದು.

ಬದಲಾಯಿಸುವ ಕ್ರಮ

ಮೊದಲು ಚೈನು. ಗೇರ್ ಇಲ್ಲದ ಸೈಕಲ್ಲಿನ ಚೈನಿನಲ್ಲಿ ಮೀನಿನ ಆಕಾರದ ಒಂದು ಸ್ಪ್ರಿಂಗ್ ಬಿಲ್ಲೆ ಇರುವ ಚೈನ್ ಲಾಕ್ ಇರುತ್ತದೆ. ಅದನ್ನು ಇಕ್ಕಳದಿಂದ ಸರಿಸಿದರೆ ಚೈನು ಬಿಚ್ಚಿಕೊಳ್ಳುತ್ತದೆ. ಮತ್ತೆ ಹಾಕುವಾಗ ಬಿಲ್ಲೆಯ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಇರಬೇಕು. ತೆರೆದ ತುದಿ ಮುಂದಾದರೆ ಏನಾದರೂ ತಗುಲಿ ಕಳಚಿಕೊಂಡೀತು. ಡೀರೇಲರ್ ಇರುವ ಸೈಕಲ್ಲಿನ ಚೈನಿಗೆ ಈ ಲಾಕ್ ಹಾಕಬಾರದು. ಅದಕ್ಕೆ ಚೈನ್ ಕಟ್ಟರಿನಿಂದ ಪಿನ್ನನ್ನು ಒತ್ತಿ ತೆಗೆದು, ಆ ಚೈನಿಗೆಂದೇ ಕೊಟ್ಟಿರುವ ಜೋಡಣೆಯ ಕೊಂಡಿಯನ್ನು ಬಳಸಬೇಕು.

ಗೇರ್ ಇಲ್ಲದ ಸೈಕಲ್ಲಿನಲ್ಲಿ ಚೈನಿನ ಕೆಳಸಾಲಿನ ನಡುಭಾಗವನ್ನು ಬೆರಳಿನಿಂದ ಮೇಲೆ ಕೆಳಗೆ ಆಡಿಸಿದರೆ ಒಂದರಿಂದ ಒಂದೂವರೆ ಸೆಂಟಿಮೀಟರು ಆಡುವಂತಿರಲಿ. ತೀರ ಬಿಗಿಯಾದರೆ ಬೇರಿಂಗ್ ಸವೆಯುತ್ತದೆ, ತೀರ ಸಡಿಲವಾದರೆ ಚೈನು ಕಳಚುತ್ತದೆ. ಗೇರ್ ಸೈಕಲ್ಲಿನಲ್ಲಿ ಉದ್ದವನ್ನು ನಿರ್ಧರಿಸಲು, ಹೊಸ ಚೈನನ್ನು ಡೀರೇಲರಿನೊಳಗೆ ಹಾಯಿಸದೆ ಮುಂದಿನ ಅತಿ ದೊಡ್ಡ, ಹಿಂದಿನ ಅತಿ ದೊಡ್ಡ ಹಲ್ಲುಚಕ್ರಗಳ ಮೇಲೆ ಸುತ್ತಿ, ಕೂಡುವ ಜಾಗಕ್ಕಿಂತ ಎರಡು ಕೊಂಡಿ ಹೆಚ್ಚಿಗೆ ಬಿಡುವುದು ವಾಡಿಕೆ.

ನಂತರ ಫ್ರೀವೀಲ್. ಇದು ಹಬ್ಬಿನ ಮೇಲೆ ತಿರುಚಿ ಕೂರಿಸಿರುವ ಭಾಗ. ನೀವು ಪೆಡಲ್ ತುಳಿದಷ್ಟೂ ಇದು ಬಿಗಿಯಾಗುತ್ತ ಹೋಗುತ್ತದೆ. ವರ್ಷಗಟ್ಟಲೆ ಏರು ಹತ್ತಿದ ಸೈಕಲ್ಲಿನ ಫ್ರೀವೀಲ್ ಸುಲಭವಾಗಿ ಬಿಚ್ಚುವುದಿಲ್ಲ ಎಂದರೆ ಆಶ್ಚರ್ಯವಿಲ್ಲ. ಅದರ ಕಚ್ಚುಗಳಿಗೆ ಸರಿಯಾಗಿ ಹೊಂದುವ ಫ್ರೀವೀಲ್ ರಿಮೂವರ್ ಬೇಕು. ಅದನ್ನು ಕಚ್ಚಿಗೆ ಕೂರಿಸಿ, ಜಾರದಂತೆ ಆಕ್ಸಲ್ಲಿನ ನಟ್ಟನ್ನು ಹಗುರವಾಗಿ ಹಾಕಿ, ರಿಮೂವರನ್ನು ಮೆಕ್ಯಾನಿಕ್ ಅಂಗಡಿಯ ವೈಸಿನಲ್ಲಿ ಹಿಡಿಸಿ, ಚಕ್ರವನ್ನೇ ಸ್ಟಿಯರಿಂಗಿನಂತೆ ಎರಡೂ ಕೈಯಿಂದ ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ತಿರುಗಿಸಬೇಕು. ಸಡಿಲವಾದ ಕೂಡಲೇ ನಟ್ಟನ್ನು ತೆಗೆಯಬೇಕು. ಹೊಸದನ್ನು ಹಾಕುವ ಮುನ್ನ ಮರೆಗಳಿಗೆ ಗ್ರೀಸ್ ಹಚ್ಚಿ, ಮೊದಲ ಕೆಲವು ಸುತ್ತು ಕೈಯಿಂದಲೇ ತಿರುಗಿಸಿ. ಓರೆಯಾಗಿ ಕೂತರೆ ಹಬ್ಬಿನ ಮರೆ ಕೆಟ್ಟು ಇಡೀ ಚಕ್ರಕ್ಕೇ ಖರ್ಚು ಬರುತ್ತದೆ.

ಕೊನೆಗೆ ಚೈನ್‌ವೀಲ್. ಹೊಸ ಚೈನು ಹಾಕಿದ ಮೇಲೆ, ಚೈನ್‌ವೀಲಿನ ಮುಂಭಾಗದಲ್ಲಿ ಚೈನನ್ನು ಬೆರಳಿನಿಂದ ಮುಂದಕ್ಕೆ ಎಳೆದು ನೋಡಿ. ಹಲ್ಲಿನ ಬಹುಭಾಗ ಕಾಣುವಷ್ಟು ಚೈನು ಎದ್ದು ಬಂದರೆ ಅದೂ ಸವೆದಿದೆ ಎಂದರ್ಥ. ಹಳೆಯ ಸೈಕಲ್ಲುಗಳಲ್ಲಿ ಕ್ರ್ಯಾಂಕನ್ನು ಆಕ್ಸಲ್ಲಿಗೆ ಹಿಡಿದಿಡುವುದು ಓರೆಯಾಗಿ ತೇದ ಕಾಟರ್ ಪಿನ್ನು. ಅದನ್ನು ಬಿಚ್ಚಲು ಸುತ್ತಿಗೆಯಿಂದ ಹೊಡೆಯುವಾಗ ಕ್ರ್ಯಾಂಕಿನ ಕೆಳಗೆ ಗಟ್ಟಿಯಾದ ಕಬ್ಬಿಣದ ಪೈಪನ್ನು ನೆಲಕ್ಕೆ ಆನಿಸಿ ಆಧಾರ ಕೊಡಬೇಕು. ಇಲ್ಲದಿದ್ದರೆ ಪೆಟ್ಟೆಲ್ಲ ಒಳಗಿನ ಬೇರಿಂಗ್ ಗುಂಡುಗಳಿಗೆ ಬಿದ್ದು ಕಪ್ಪಿನಲ್ಲಿ ಗುಳಿ ಬೀಳುತ್ತದೆ. ಮತ್ತೊಂದು ಎಚ್ಚರ: ಎಡಗಡೆಯ ಪೆಡಲಿನ ಮರೆ ಉಲ್ಟಾ, ಅದು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ.

ಸರಿಯಾದ ಸಲಕರಣೆ ಇಲ್ಲದಿದ್ದರೆ ಫ್ರೀವೀಲ್ ಮತ್ತು ಕಾಟರ್ ಪಿನ್ನಿನ ಕೆಲಸವನ್ನು ಸೈಕಲ್ ಮೆಕ್ಯಾನಿಕ್ಕರಿಗೆ ಬಿಡಿ. ಪಕ್ಕದಲ್ಲಿ ನಿಂತು ನೋಡಿ ಕಲಿಯಿರಿ. ಅಳೆಯುವುದು, ಎಣಿಸುವುದು, ನಿರ್ಧರಿಸುವುದು ಮಾತ್ರ ನಿಮ್ಮದಾಗಿರಲಿ. ಕೆಲಸ ಮುಗಿದ ಮೇಲೆ ಮೊದಲು ಮೈದಾನದಲ್ಲಿ, ವಾಹನಗಳಿಲ್ಲದ ಕಡೆ, ಕುಳಿತೇ ಸ್ವಲ್ಪ ಬಲವಾಗಿ ತುಳಿದು ಪರೀಕ್ಷಿಸಿ. ನೇರವಾಗಿ ಘಟ್ಟಕ್ಕೆ ಹೋಗಬೇಡಿ.

ಏರಿಗೆ ತಕ್ಕ ಹಲ್ಲು

ಫ್ರೀವೀಲ್ ಹೇಗೂ ಬದಲಾಯಿಸುತ್ತಿದ್ದೀರಿ ಎಂದಾದರೆ ಒಂದು ಲಾಭ ಪಡೆಯಬಹುದು. 48 ಮತ್ತು 18 ಹಲ್ಲಿನ, 28 ಇಂಚಿನ ಚಕ್ರದ ಸೈಕಲ್ ಪೆಡಲಿನ ಒಂದು ಸುತ್ತಿಗೆ ಸುಮಾರು 5.9 ಮೀಟರು ಮುಂದೆ ಹೋಗುತ್ತದೆ. ಸಮತಟ್ಟಾದ ರಸ್ತೆಗೆ ಇದು ಒಳ್ಳೆಯದು. ಆದರೆ ಹದಿನೈದಕ್ಕೆ ಒಂದರ ಏರಿನಲ್ಲಿ, ಸವಾರ ಮತ್ತು ಸೈಕಲ್ ಸೇರಿ 70 ಕಿಲೋ ಆದರೆ, ಪೆಡಲಿನ ಮೇಲೆ ಸರಾಸರಿ 29 ಕಿಲೋದಷ್ಟು ಬಲ ಬೇಕು. ಐವತ್ತು ಕಿಲೋದ ವಿದ್ಯಾರ್ಥಿ ಪೂರ್ತಿ ಭಾರ ಹಾಕಿ ನಿಂತು ತುಳಿದರೂ, ಪೆಡಲ್ ಮೇಲೆ ಕೆಳಗೆ ಇರುವಾಗ ಬಲ ವ್ಯರ್ಥವಾಗುವುದರಿಂದ, ದೊರೆಯುವ ಸರಾಸರಿ ಸುಮಾರು 32 ಕಿಲೋ ಮಾತ್ರ. ಅಂದರೆ ಶಕ್ತಿಯ ಅಂಚಿನಲ್ಲೇ ಪ್ರಯಾಣ! ಹಿಂದೆ 22 ಹಲ್ಲಿನ ಫ್ರೀವೀಲ್ ಹಾಕಿದರೆ ಬೇಕಾಗುವ ಬಲ 24 ಕಿಲೋಗೆ ಇಳಿಯುತ್ತದೆ. ಒಂದು ಸುತ್ತಿಗೆ ಕ್ರಮಿಸುವ ದೂರ 4.9 ಮೀಟರಿಗೆ ಇಳಿಯುತ್ತದೆ ಎಂಬುದೂ ನಿಜ. ಏರಿನ ಊರಿನಲ್ಲಿ ಅದು ನಷ್ಟವಲ್ಲ. ನಾಲ್ಕು ಹಲ್ಲು ಹೆಚ್ಚಾದರೆ ಚೈನಿಗೆ ಎರಡು ಕೊಂಡಿ ಹೆಚ್ಚಿಗೆ ಬೇಕಾಗುವುದನ್ನು ಮರೆಯಬೇಡಿ.

ಮಳೆಗಾಲದ ಆರೈಕೆ

ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ 1999ರಲ್ಲಿ ನಡೆದ ಪ್ರಯೋಗಗಳಲ್ಲಿ ಸೈಕಲ್ ಚೈನಿನ ದಕ್ಷತೆ ನೂರಕ್ಕೆ 98.6ರವರೆಗೆ ಕಂಡುಬಂತು. ದೊಡ್ಡ ಹಲ್ಲುಚಕ್ರಗಳ ಮೇಲೆ ಓಡುವ ಚೈನಿನಲ್ಲಿ ಶಕ್ತಿ ಪೋಲಾಗುವುದು ಕಡಿಮೆ ಎಂಬುದೂ ತಿಳಿಯಿತು. ಪ್ರಯೋಗಾಲಯದ ಶುಭ್ರ ವಾತಾವರಣದಲ್ಲಿ ಎಣ್ಣೆಯ ಪಾತ್ರ ಅಷ್ಟಾಗಿ ಕಾಣಲಿಲ್ಲ. ರಸ್ತೆಯಲ್ಲಿ ಎಣ್ಣೆಯ ಮುಖ್ಯ ಕೆಲಸ ಕೊಳೆಯನ್ನು ಕೀಲಿನ ಹೊರಗೆ ತಡೆಯುವುದು, ತುಕ್ಕು ಹಿಡಿಯದಂತೆ ಕಾಯುವುದು.

ಮಳೆಯಲ್ಲಿ ಸವಾರಿ ಮಾಡಿದ ದಿನ ಚೈನನ್ನು ಹಳೆಯ ಬಟ್ಟೆಯಿಂದ ಒರೆಸಿ ಒಣಗಿಸಿ. ಪ್ರತಿ ಕೀಲಿಗೂ ಒಂದೊಂದು ಹನಿ ತೆಳು ಎಣ್ಣೆ ಬಿಟ್ಟು, ಪೆಡಲನ್ನು ಹಿಂದಕ್ಕೆ ಹಲವು ಸುತ್ತು ತಿರುಗಿಸಿ, ಹೊರಗಿನ ಎಣ್ಣೆಯನ್ನು ಪೂರ್ತಿ ಒರೆಸಿಬಿಡಿ. ಎಣ್ಣೆ ಬೇಕಾದದ್ದು ಒಳಗೆ. ಹೊರಗೆ ಉಳಿದದ್ದು ಧೂಳನ್ನು ಕರೆಯುತ್ತದೆ. ಎಂಜಿನ್ನಿನಿಂದ ತೆಗೆದ ಕಪ್ಪು ಎಣ್ಣೆಯಲ್ಲಿ ಲೋಹದ ಕಣಗಳಿರುವುದರಿಂದ ಅದು ಬೇಡ. ಕೊಬ್ಬರಿ ಎಣ್ಣೆ ಸ್ವಲ್ಪ ದಿನದಲ್ಲೇ ಅಂಟಾಗುತ್ತದೆ. ಫ್ರೀವೀಲಿನ ಒಳಗೆ ಗ್ರೀಸ್ ತುಂಬಬೇಡಿ. ಅಲ್ಲಿ ಸ್ಪ್ರಿಂಗಿನಿಂದ ಹೊರಕ್ಕೆ ಒತ್ತಿಕೊಂಡಿರುವ ಪುಟ್ಟ ಕೊಕ್ಕೆಗಳು ಅಂಟಿಕೊಂಡರೆ ಪೆಡಲ್ ಸುಮ್ಮನೆ ತಿರುಗುತ್ತದೆ. ಸೀಮೆಎಣ್ಣೆಯಲ್ಲಿ ತೊಳೆಯುವುದಾದರೆ ಬೆಂಕಿಯಿಂದ ದೂರವಿರಿ, ಕೊಳೆಯನ್ನು ತೋಡಿಗೋ ಬಾವಿಯ ಬಳಿಗೋ ಚೆಲ್ಲಬೇಡಿ. ಚೈನು ಓಡುತ್ತಿರುವಾಗ ಬಟ್ಟೆಯನ್ನು ಹಲ್ಲುಚಕ್ರದ ಹತ್ತಿರ ಒಯ್ಯಬೇಡಿ. ಚೈನಿಗೂ ಹಲ್ಲಿಗೂ ನಡುವೆ ಸಿಕ್ಕ ಬೆರಳು ಉಳಿಯುವುದು ಕಷ್ಟ.

ಮಾಡಿ ನೋಡಿ

1. ನಿಮ್ಮ ಮನೆಯ ಅಥವಾ ನೆರೆಯವರ ಸೈಕಲ್ಲಿನ ಚೈನ್‌ವೀಲ್ ಮತ್ತು ಫ್ರೀವೀಲಿನ ಹಲ್ಲುಗಳನ್ನು ಎಣಿಸಿ. ಪೆಡಲಿನ ಒಂದು ಸುತ್ತಿಗೆ ಸೈಕಲ್ ಎಷ್ಟು ಮುಂದೆ ಹೋಗಬೇಕೆಂದು ಲೆಕ್ಕ ಹಾಕಿ, ಅಂಗಳದಲ್ಲಿ ಸುಣ್ಣದ ಗೆರೆ ಎಳೆದು ತಾಳೆ ನೋಡಿ.

2. ತಿಂಗಳಿಗೊಮ್ಮೆ 24 ಕೊಂಡಿಗಳ ಉದ್ದವನ್ನು ಅಳೆದು ದಿನಾಂಕದೊಡನೆ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಒಂದು ವರ್ಷದ ನಂತರ ಗ್ರಾಫ್ ಕಾಗದದಲ್ಲಿ ಗೆರೆ ಎಳೆಯಿರಿ. ಬೇಸಿಗೆಗೂ ಮಳೆಗಾಲಕ್ಕೂ ಆ ಗೆರೆಯ ಏರಿನಲ್ಲಿ ವ್ಯತ್ಯಾಸ ಇದೆಯೇ?

3. ಆ ಗೆರೆ 306.4 ಮಿಲಿಮೀಟರನ್ನು ಮುಟ್ಟಿದ ದಿನ ಚೈನು ಬದಲಾಯಿಸಲು ಮನೆಯಲ್ಲಿ ಹೇಳಿ. ಕೇಳಿದವರಿಗೆ ಕಾರಣವನ್ನು ವಿವರಿಸಲು ನಿಮ್ಮ ಗ್ರಾಫೇ ಸಾಕು.